ಬೀಗಕ್ಕೆ ಎಣ್ಣೆ ಬಿಟ್ಟ ಕಳ್ಳ

ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಪೊಲೀಸ್ ಠಾಣೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಒಬ್ಬ ಹುಡುಗಿ ಬಂದಳು. ಕೊರಳಲ್ಲಿ ನೀಲಿ ಪಟ್ಟಿ, ಪಟ್ಟಿಗೆ ಗುರುತಿನ ಚೀಟಿ, ಚೀಟಿಯಲ್ಲಿ ನಗುತ್ತಿರುವ ಫೋಟೋ. ಮೇಲಿನ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತಿದ್ದವರು ದಫೇದಾರರು. ಹೆಡ್ ಕಾನ್‌ಸ್ಟೇಬಲ್ ಅನ್ನುವುದು ಕಾಗದದ ಮಾತು, ಊರಿಗೆಲ್ಲ ಅವರು ದಫೇದಾರರೇ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ನೋಡಿದ ಮುಖವನ್ನಾಗಲಿ ಕೇಳಿದ ಸುಳ್ಳನ್ನಾಗಲಿ ಅವರು ಮರೆತದ್ದಿಲ್ಲ. ಮರೆಯುತ್ತಿದ್ದುದು ಒಂದೇ, ಕಂಪ್ಯೂಟರಿನ ಪಾಸ್‌ವರ್ಡು.

"ಸಾರ್, ಕಳ್ಳತನ ಆಗಿದೆ."

"ಕೂತ್ಕೊಳಮ್ಮ. ಏನು ಹೋಗಿದೆ?"

"ಬೆರಳು ಯಂತ್ರ."

ಆ ಹುಡುಗಿ ಮಾರುಕಟ್ಟೆ ಬೀದಿಯ ಮಹಡಿ ಮೇಲಿನ ಸರ್ಕಾರಿ ಸೇವಾ ಕೇಂದ್ರವನ್ನು ನೋಡಿಕೊಳ್ಳುವವಳು. ಎಂಟು ತಿಂಗಳ ಹಿಂದೆ ಸರ್ಕಾರದವರು 'ಬೆರಳ ತುದಿಯಲ್ಲಿ ಸರ್ಕಾರ' ಅಂತ ಒಂದು ಕಾರ್ಯಕ್ರಮ ತಂದು ಊರೂರಿಗೂ ಇಂಥ ಕೇಂದ್ರ ತೆರೆದಿದ್ದರು. ಯಾವ ಕಾಗದ ಬೇಕಾದರೂ ಅಲ್ಲಿಗೆ ಹೋಗಿ ಯಂತ್ರದ ಮೇಲೆ ಬೆರಳು ಒತ್ತಬೇಕು. ಹಸಿರು ದೀಪ ಬಂದರೆ ಕಾಗದ ಬರುತ್ತದೆ, ಕೆಂಪು ಬಂದರೆ ನಾಳೆ ಬರಬೇಕು. ಬೆಂಕಿಪೊಟ್ಟಣ ನಾಲ್ಕನ್ನು ಒಟ್ಟಿಗೆ ಇಟ್ಟಷ್ಟು ದಪ್ಪದ ಯಂತ್ರ. ಊರಿಗೆಲ್ಲ ಅದೊಂದೇ.

"ಕಳ್ಳತನ ಆಗಿದೆ ಅಂತ ಹೇಗೆ ಗೊತ್ತಾಯ್ತು?"

"ಬೀಗ ಒಂದೇ ತಿರುವಿಗೆ ತೆಗೀತು ಸಾರ್."

"ಅದರಲ್ಲೇನು?"

"ಎಂಟು ತಿಂಗಳಿಂದ ಆ ಬೀಗ ತೆಗೆಯೋಕೆ ದಿನಾ ಹತ್ತು ನಿಮಿಷ ಗುದ್ದಾಡ್ತೀನಿ. ಆನ್‌ಲೈನ್‌ನಲ್ಲಿ ದೂರು ಕೊಟ್ಟಿದ್ದೀನಿ, ಪರಿಶೀಲನೆಯಲ್ಲಿದೆ ಅಂತಾನೇ ಬರ್ತಿದೆ. ಇವತ್ತು ಬೆಣ್ಣೆ ಹಾಗೆ ತಿರುಗಿತು. ಆಗಲೇ ಅನುಮಾನ ಬಂತು. ಒಳಗೆ ಹೋಗಿ ನೋಡಿದ್ರೆ ಯಂತ್ರ ಇಲ್ಲ."

"ಬೇರೆ ಏನು ಹೋಗಿದೆ?"

"ಏನೂ ಇಲ್ಲ. ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ, ನನ್ನ ಕೊಡೆನೂ ಇದೆ." ಅಷ್ಟು ಹೇಳಿ ಹುಡುಗಿ ಕಣ್ಣು ಒರೆಸಿಕೊಂಡಳು. "ಶನಿವಾರ ಮೇಲಿನ ಆಫೀಸಿನವರು ತಪಾಸಣೆಗೆ ಬರ್ತಾರೆ ಸಾರ್. ಯಂತ್ರ ನನ್ನ ಸಹಿ ಮೇಲೆ ಕೊಟ್ಟಿರೋದು. ಅದು ಇಲ್ಲದಿದ್ರೆ ಅವತ್ತೇ ನನ್ನ ಕೆಲಸ ಹೋಯ್ತು. ನಮ್ಮನೇಲಿ ಕೆಲಸಕ್ಕೆ ಹೋಗೋಳು ನಾನೊಬ್ಬಳೇ."

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಮೇಡಂ ಒಳಕೋಣೆಯಿಂದ ಬಂದರು. ಈ ಠಾಣೆಗೆ ಬಂದು ಎರಡು ತಿಂಗಳಾಗಿತ್ತು. ನಿಂತಲ್ಲಿ ನಿಲ್ಲುವವರಲ್ಲ, ಮಾತು ಕತ್ತರಿಸಿದ ಹಾಗೆ.

"ಎಫ್‌ಐಆರ್ ಹಾಕಿ ದಫೇದಾರ್ರೇ."

ದಫೇದಾರರು ಗಂಟಲು ಸರಿಮಾಡಿಕೊಂಡರು. "ಮೇಡಂ, ಈಗ ಎಫ್‌ಐಆರ್ ಎಲ್ಲ ಆನ್‌ಲೈನು. ದೂರು ಕೊಟ್ಟವರ ಬೆರಳು, ಬರೆದುಕೊಂಡವರ ಬೆರಳು, ಎರಡೂ ಒತ್ತದೆ ನಂಬರ್ ಬೀಳಲ್ಲ."

"ಒತ್ತಿಸಿ."

"ನಮ್ಮ ಠಾಣೆ ಯಂತ್ರದ ಮೇಲೆ ಐದು ತಿಂಗಳ ಹಿಂದೆ ಕಂಬ ಟೀ ಚೆಲ್ಲಿದ. ಅವತ್ತಿಂದ ನಾವು ಸೇವಾ ಕೇಂದ್ರಕ್ಕೇ ಹೋಗಿ ಒತ್ತಿ ಬರ್ತಿದ್ವಿ."

ಕಂಬ ಅಂದರೆ ಕಾನ್‌ಸ್ಟೇಬಲ್. ಎಲ್ಲಿ ನಿಲ್ಲಿಸಿದರೆ ಅಲ್ಲಿ ಅಲುಗಾಡದೆ ನಿಲ್ಲುತ್ತಿದ್ದ, ಅದಕ್ಕೆ ಆ ಹೆಸರು. ಈಗ ಬಾಗಿಲ ಹಿಂದೆ ನಿಂತು ಗೋಡೆ ನೋಡುತ್ತಿದ್ದ.

"ಅಂದ್ರೆ," ಮೇಡಂ ನಿಧಾನವಾಗಿ ಹೇಳಿದರು, "ಯಂತ್ರ ಕಳುವಾಗಿದೆ ಅಂತ ದೂರು ಬರೆಯೋಕೆ ಕಳುವಾದ ಯಂತ್ರವೇ ಬೇಕು."

"ಹೌದು ಮೇಡಂ."

ಮೇಡಂ ಸ್ವಲ್ಪ ಹೊತ್ತು ಫ್ಯಾನು ನೋಡಿದರು. ದಫೇದಾರರು ಎದ್ದು ಬೀರುವಿನ ತಳಗಡೆ ಖಾನೆ ಎಳೆದರು. ದೂಳು ಕೊಡವಿ ಹಳೆಯ ಎಫ್‌ಐಆರ್ ಪುಸ್ತಕ ಹೊರತೆಗೆದರು. ನಡುವೆ ಇಟ್ಟಿದ್ದ ಕಾರ್ಬನ್ ಹಾಳೆ ಇನ್ನೂ ಕಪ್ಪಗೇ ಇತ್ತು. ತೋಳು ಮಡಚಿ, ನಾಲಗೆ ತುದಿ ಹೊರಗಿಟ್ಟು, ಮದುವೆ ಪತ್ರಿಕೆ ಬರೆಯುವವರ ಹಾಗೆ ದುಂಡಗೆ ಬರೆದರು. ಕ್ರೈಂ ನಂಬರ್ ಅರವತ್ತೊಂದು. ಸಮಯ ಒಂಬತ್ತು ಐವತ್ತು. ಇಷ್ಟು ವರ್ಷಕ್ಕೆ ತಮ್ಮಿಂದಲೇ ಆಗಬೇಕಾದ ಒಂದು ಕೆಲಸ ಸಿಕ್ಕಿತಲ್ಲ ಅಂತ ಮನಸ್ಸಿನಲ್ಲೇ ಹಿಗ್ಗಿದರು. ಮುಖದಲ್ಲಿ ತೋರಿಸಲಿಲ್ಲ.

ಹನ್ನೊಂದು ಹತ್ತಕ್ಕೆ ಸ್ಥಳ ಪಂಚನಾಮೆ. ಮಹಡಿ ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಒಂದು ಮೇಜು, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಸರ್ಕಾರದ ಸುತ್ತೋಲೆಗಳು. ಕಾಯುವವರಿಗೆ ಒಂದು ಬೆಂಚು, ನಡುವೆ ಸವೆದು ತಗ್ಗಾಗಿತ್ತು. ಗಾಜಿನ ಮೇಲೆ ಯಂತ್ರ ಇದ್ದ ಜಾಗದಲ್ಲಿ ಚೌಕಾಕಾರದ ದೂಳಿಲ್ಲದ ಗುರುತು, ಅದರ ಪಕ್ಕದಲ್ಲಿ ಎಣ್ಣೆ ಮೆತ್ತಿದ ಒಂದು ಹೆಬ್ಬೆಟ್ಟಿನ ಕಲೆ.

ಪಂಚರು ಬೇಕಿತ್ತು. ಸಾಕ್ಷಿಗೆ ಇಬ್ಬರನ್ನು ಕರೆತಾ ಅಂತ ಕಳಿಸಿದರೆ ಕಂಬ ಹೆಚ್ಚು ದೂರ ಹೋಗಲಿಲ್ಲ. ಎದುರುಗಡೆಯ ಚಪ್ಪಲಿ ಅಂಗಡಿಯವರನ್ನೂ, ಇದೇ ಕಟ್ಟಡದ ಮೆಟ್ಟಿಲ ಕೆಳಗೆ ಕೂತು ಕೀಲಿ ಮಾಡಿಕೊಡುವ ತಾತನನ್ನೂ ಕರೆತಂದ. ಊರಲ್ಲಿ ಕೀಲಿ ಕಳೆದುಕೊಂಡವರೆಲ್ಲ ಐವತ್ತು ವರ್ಷದಿಂದ ಓಡಿಬರುತ್ತಿದ್ದುದು ಆ ಮೆಟ್ಟಿಲ ಬುಡಕ್ಕೇ.

"ತಾತ, ನಿಮ್ಮ ಕಸುಬು. ನೋಡಿ ಹೇಳಿ," ಅಂದರು ಮೇಡಂ. "ನಕಲಿ ಕೀಲಿ ಹಾಕಿದ್ದಾರಾ?"

ತಾತ ಕನ್ನಡಕ ಹಣೆಗೆ ಏರಿಸಿ ಬೀಗದ ಕಿಂಡಿಗೆ ಕಣ್ಣಿಟ್ಟರು. "ನಕಲಿ ಅಲ್ಲಮ್ಮ. ತಂತಿ ಹಾಕಿ ತೆಗೆದಿದ್ದಾನೆ. ಒಳಗೆ ಒಂದು ಗೀರೂ ಬಿದ್ದಿಲ್ಲ. ಕೆಲಸ ಬಲ್ಲವನು."

"ಎಣ್ಣೆ?"

"ಹೊಲಿಗೆ ಯಂತ್ರದ ಎಣ್ಣೆ. ಮೂರು ಹನಿ. ನಾಲ್ಕನೇದು ಬಿಟ್ಟಿದ್ರೆ ದೂಳು ಹಿಡಿಯೋದು. ಬಿಟ್ಟಿಲ್ಲ. ಒಳ್ಳೆಯವನು."

"ಒಳ್ಳೆಯವನಾ?"

"ಕೆಲಸದಲ್ಲಿ ಅಂದೆ."

"ಕದಿಯೋಕೆ ಬಂದವನು ಬೀಗಕ್ಕೆ ಯಾಕೆ ಎಣ್ಣೆ ಬಿಟ್ಟ?"

ತಾತ ಕನ್ನಡಕ ಕೆಳಗಿಳಿಸಿದರು. "ದಿನಾ ಬೆಳಿಗ್ಗೆ ಈ ಬೀಗ ಕಿರ್ರೋ ಅನ್ನೋದು ಕೇಳಿ ನನ್ನ ಹಲ್ಲು ಜುಮ್ಮೆನ್ನುತ್ತೆ. ಅವನಿಗೂ ಹಾಗೇ ಆಗಿರಬಹುದು."

ದಫೇದಾರರು ಒಂದಕ್ಷರ ಬಿಡದೆ ಬರೆದುಕೊಂಡರು. ಚಪ್ಪಲಿ ಅಂಗಡಿಯವರು ಸಹಿ ಹಾಕಿದರು. ತಾತನಿಗೆ ಓದುಬರಹ ಇಲ್ಲ, ದಫೇದಾರರೇ ಅವರ ಹೆಬ್ಬೆರಳು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ ಕಾಗದಕ್ಕೆ ಇಟ್ಟರು. ದುಂಡಗೆ ಒಂದು ಕಪ್ಪು ಬೊಟ್ಟು ಬಿತ್ತು.

"ಇಂಕು ಜಾಸ್ತಿ ಆಯ್ತು. ಇನ್ನೊಂದು ಹಾಕ್ಸಿ," ಅಂದರು ಮೇಡಂ. ಇನ್ನೊಂದೂ ಹಾಗೇ ಬಿತ್ತು. "ಹೋಗಲಿ ಬಿಡಿ."

ಕೋಣೆಗೆ ಸೀಲು ಬಿತ್ತು. "ಶನಿವಾರದ ತನಕ ಈ ಬಾಗಿಲಿಗೆ ಇಬ್ಬರು ಕಾವಲು," ಮೇಡಂ ಅಪ್ಪಣೆ ಮಾಡಿದರು. "ಹಗಲು ಕಂಬ, ಕತ್ತಲಾದ ಮೇಲೆ ಇನ್ನೊಬ್ಬ. ಒಂದು ಸೊಳ್ಳೆನೂ ಒಳಗೆ ಹೋಗಬಾರದು."

ಬುಧವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಜಿಲ್ಲೆಯಿಂದ ಬೆರಳಚ್ಚು ತಜ್ಞರು ಬಂದರು. ಕೈಪೆಟ್ಟಿಗೆ ತೆರೆದು, ಕುಂಚದಿಂದ ಪುಡಿ ಸವರಿ, ಗಾಜಿನ ಮೇಲಿದ್ದ ಕಲೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಎದ್ದು ಭೂತಗನ್ನಡಿ ಒರೆಸಿಕೊಂಡು ಮತ್ತೆ ನೋಡಿದರು.

"ಗೆರೆ ಇಲ್ಲ," ಅಂದರು.

"ಗ್ಲೌಸ್ ಹಾಕಿದ್ನಾ?"

"ಗ್ಲೌಸಿನ ಗುರುತೇ ಬೇರೆ ಮೇಡಂ. ಇದು ಬರೀ ಕೈ. ಬೆವರಿದೆ, ಎಣ್ಣೆಯಿದೆ, ಚರ್ಮ ಇದೆ. ಗೆರೆ ಮಾತ್ರ ಇಲ್ಲ."

"ಅಂಥ ಮನುಷ್ಯರು ಇರ್ತಾರಾ?"

ತಜ್ಞರು 'ಅಭಿಪ್ರಾಯ ಕಾಯ್ದಿರಿಸಿದೆ' ಅಂತ ಬರೆದುಕೊಟ್ಟು ಹನ್ನೆರಡರ ಬಸ್ಸಿಗೆ ಹೊರಟುಹೋದರು.

ಮೇಡಂಗೆ ಅನುಮಾನ ಇದ್ದುದು ಜೆರಾಕ್ಸ್ ಅಂಗಡಿಯವನ ಮೇಲೆ. ಸೇವಾ ಕೇಂದ್ರ ಬಂದ ಮೇಲೆ ಅವನ ವ್ಯಾಪಾರ ಬಿದ್ದಿರುತ್ತದೆ, ಹೊಟ್ಟೆಕಿಚ್ಚಿಗೆ ಯಂತ್ರ ಎತ್ತಿರುತ್ತಾನೆ ಅಂತ ಲೆಕ್ಕ ಹಾಕಿದ್ದರು. ಮಧ್ಯಾಹ್ನ ಎರಡಕ್ಕೆ ಅವನನ್ನು ಠಾಣೆಗೆ ಕರೆಸಿದರು.

"ಸೋಮವಾರ ಸಂಜೆ ಎಲ್ಲಿದ್ದೆ?"

"ಅಂಗಡೀಲಿ."

"ಸೇವಾ ಕೇಂದ್ರದ ಮೇಲೆ ನಿನಗೆ ಕೋಪ ಇದ್ಯಾ?"

"ಕೋಪಾನಾ? ದಿನಾ ಅದಕ್ಕೆ ಕೈಮುಗೀತೀನಿ ಮೇಡಂ."

"ಯಾಕೆ?"

"ಬೆರಳು ಒಪ್ಪದವರು ಹದಿನಾಲ್ಕು ದಾಖಲೆ ಕೊಡಬೇಕು, ಒಂದೊಂದರದ್ದೂ ಮೂರು ಪ್ರತಿ. ಎಲ್ಲರೂ ನನ್ನ ಹತ್ರಾನೇ ಬರ್ತಾರೆ. ಆ ಯಂತ್ರ ಬಂದ ಮೇಲೇ ನಾನು ಎರಡನೇ ಜೆರಾಕ್ಸ್ ಮಿಷನ್ ತಗೊಂಡಿದ್ದು. ಅದನ್ನ ಕದ್ರೆ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ."

ಮೇಡಂ ಅವನನ್ನು ಕಳಿಸಿಬಿಟ್ಟರು. ಕೇಸು ಅಲ್ಲಿಗೆ ಕಟ್ಟಿಹಾಕಿದ ಗಾಡಿ ಹಾಗೆ ನಿಂತಿತು. ಸಂಜೆ ಹುಡುಗಿ ಬಂದು, "ಏನಾದ್ರೂ ಗೊತ್ತಾಯ್ತಾ ಸಾರ್?" ಅಂದಳು. "ಇನ್ನೂ ಮೂರು ದಿನ ಇದೆಯಲ್ಲಮ್ಮ," ಅಂದರು ದಫೇದಾರರು. ಅವಳು ಬೆರಳು ಮಡಚಿ ಎಣಿಸಿ, "ಎರಡೇ ಸಾರ್," ಅಂದಳು.

ಅಲ್ಲಿಂದ ದಫೇದಾರರು ನೇರ ಇಸ್ತ್ರಿ ಅಂಗಡಿಗೆ ಹೋದರು. ಅವರ ಖಾಕಿಗೆ ಇಪ್ಪತ್ತು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದ ಅಕ್ಕ ಇದ್ದಳು, ಬಾಯಿ ಬಲು ಜೋರು.

"ಯಂತ್ರ ಕಳೆದುಹೋಯ್ತಂತಲ್ಲ ದಫೇದಾರ್ರೇ. ಸಿಗದೇ ಇರಲಿ."

"ಯಾಕಕ್ಕ, ಹಾಗಂತೀಯ?"

"ನನ್ನ ಬೆರಳು ಅದಕ್ಕೆ ಬೇಡವಂತೆ! ನಾಲ್ಕು ಸಲ ಹೋಗಿದ್ದೆ. ಕೆಂಪು ದೀಪ, ಕೆಂಪು ದೀಪ, ಕೆಂಪು ದೀಪ. ನೋಡಿ ಇಲ್ಲಿ." ಅಕ್ಕ ಕೈ ಚಾಚಿದಳು. ಬೆರಳ ತುದಿಗಳು ಗಾಜಿನ ಗೋಲಿ ಹಾಗೆ ನುಣ್ಣಗಿದ್ದವು. "ಬಿಸಿ ಇಸ್ತ್ರಿ ಹಿಡಿದ ಕೈಗೆ ಗೆರೆ ಎಲ್ಲಿಂದ ತರಲಿ? ಕೂತು ತಿಂದೋರ ಕೈಲಿರುತ್ತೆ ಗೆರೆ."

ಜೇಬಿಗೆ ಹೋಗಿದ್ದ ದಫೇದಾರರ ಕೈ ಅಲ್ಲೇ ನಿಂತಿತು. "ಅಕ್ಕ, ಸೋಮವಾರ ಸಂಜೆ ನೀನು..."

"ಕದ್ದೆ ಅಂತೀರಾ? ಕದ್ದು ಎಲ್ಲಿಟ್ಕೊಳ್ಳಿ, ತಲೆ ಮೇಲಾ? ಬೀಗ ತೆಗೆಯೋ ವಿದ್ಯೆ ಬಂದಿದ್ರೆ ನಾನು ಯಾಕೆ ಇಸ್ತ್ರಿ ಪೆಟ್ಟಿಗೆ ಹಿಡೀತಿದ್ದೆ? ತಗೊಳಿ ನಿಮ್ಮ ಶರ್ಟು, ಗುಂಡಿ ಒಂದು ಸಡಿಲ ಆಗಿದೆ, ಹೊಲಿಸ್ಕೊಳಿ."

ಆ ರಾತ್ರಿ ದಫೇದಾರರಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷದ್ದೊಂದು ಬೈಗುಳ ನೆನಪಿಗೆ ಬಂತು. ಸುಣ್ಣದ ಗೂಡಿನಲ್ಲಿ ದುಡಿಯುವವನೊಬ್ಬನ ಹೆಬ್ಬೆಟ್ಟು ತೆಗೆದುಕೊಂಡಾಗ ಅದು ಬರೀ ಬೊಟ್ಟಾಗಿ ಬಿದ್ದು, "ಇಂಕು ಸುರಿದು ಹಾಳು ಮಾಡಿದೆ" ಅಂತ ಅಂದಿನ ಸಾಹೇಬರು ಎಲ್ಲರ ಎದುರು ಬೈದಿದ್ದರು. ಇಂಕು ಜಾಸ್ತಿ ಆಗಿರಲಿಲ್ಲ. ಆ ಬೆರಳೇ ಹಾಗಿತ್ತು. ಮೂವತ್ತೈದು ವರ್ಷದ ಮೇಲೆ ಅವರಿಗೆ ಅದು ಹೊಳೆಯಿತು.

ಗುರುವಾರ, ಹದಿನಾರನೇ ತಾರೀಕು. ಬೆಳಿಗ್ಗೆ ಎಂಟಕ್ಕೇ ಠಾಣೆಗೆ ಬಂದು ದಫೇದಾರರು ಪಂಚನಾಮೆಯ ಕಾಗದ ತೆಗೆದು ಕಿಟಕಿ ಬೆಳಕಿಗೆ ಹಿಡಿದರು. ಎರಡು ಕಪ್ಪು ಬೊಟ್ಟು, ಒಂದರ ಪಕ್ಕ ಒಂದು. ಒಂದರಲ್ಲೂ ಗೆರೆ ಇಲ್ಲ.

ಆ ಹೊತ್ತಿಗೆ ಕಾವಲಿಗೆ ಹೊರಟ ಕಂಬ ಒಳಗೆ ಬಂದ. ಎರಡು ದಿನದ ಡ್ಯೂಟಿ ಮಾಡಿದ ಹೆಮ್ಮೆ ಅವನ ಮುಖದಲ್ಲಿತ್ತು.

"ದಫೇದಾರ್ರೇ, ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ. ಮೂರು ಸಲ ಆಸೆ ತೋರಿಸಿದ್ರೂ ಜಗ್ಗಲಿಲ್ಲ."

"ಯಾರು ತೋರಿಸಿದ್ದು?"

"ಕೆಳಗಿನ ಕೀಲಿ ತಾತ. ಪಾಪ, ಒಳ್ಳೇ ಮನುಷ್ಯ. 'ಊಟ ಮಾಡ್ಕೊಂಡು ಬಾ ಮಗ, ನಾನು ಇಲ್ಲಿ ನೋಡ್ಕೋತೀನಿ' ಅಂದ್ರು. ಆಮೇಲೆ ಟೀ ಕುಡ್ಕೊಂಡು ಬಾ ಅಂದ್ರು. ನಿನ್ನೆ, ಹೋಗಿ ಸ್ವಲ್ಪ ಕಾಲು ಚಾಚಿ ಬಾ ಅಂತ ಬೇಡ್ಕೊಂಡ್ರು. ನಾನು ಅಲ್ಲಾಡಲಿಲ್ಲ."

"ಕೈಯಲ್ಲಿ ಏನಾದರೂ ಇತ್ತಾ?"

"ಒಂದು ಚೀಲ ಇತ್ತು. ಎದೆಗೆ ಅವಚಿಕೊಂಡಿದ್ರು."

ದಫೇದಾರರು ಹಣೆ ಚಚ್ಚಿಕೊಂಡರು. ಕಳ್ಳ ಎರಡು ದಿನದಿಂದ ಮಾಲು ವಾಪಸ್ ಇಡಲು ಒದ್ದಾಡುತ್ತಿದ್ದಾನೆ, ಪೊಲೀಸರು ಬಿಗಿ ಕಾವಲು ಹಾಕಿ ತಡೆದಿದ್ದಾರೆ!

ಮೇಡಂ ಬಂದ ಕೂಡಲೆ ಎಲ್ಲ ಹೇಳಿದರು. ಹುಡುಗಿಯನ್ನು ಕರೆಸಿ, ಸೀಲು ಒಡೆಸಿ, ಬೆರಳು ಒಪ್ಪದವರ ಹೆಸರು ಅವಳು ಬರೆದಿಡುತ್ತಿದ್ದ ನೋಟುಬುಕ್ಕು ತರಿಸಿದರು. ಹದಿನೇಳು ಜನ. ಕೀಲಿ ತಾತನ ಮುಂದೆ ಹನ್ನೆರಡು ಗೀಟು.

"ಹನ್ನೆರಡು ಸಲಾನಾ?"

"ಹೌದು ಮೇಡಂ. ಪಾಪ ಅನ್ಸುತ್ತೆ, ಪ್ರತಿ ಸಲ ಏನಾದ್ರೂ ಹೇಳಿ ಸಮಾಧಾನ ಮಾಡಿ ಕಳಿಸ್ತಿದ್ದೆ. ಆದ್ರೆ ತಾತ ಕದಿಯಲ್ಲ ಮೇಡಂ. ನನ್ನ ಕೊಡೆ ಕಡ್ಡಿ ಮುರಿದಾಗ ಅವರೇ ಸರಿಮಾಡಿಕೊಟ್ಟಿದ್ದು."

ಹನ್ನೊಂದೂವರೆಗೆ ಮೇಡಂ ಮತ್ತು ದಫೇದಾರರು ಮೆಟ್ಟಿಲ ಕೆಳಗೆ ಹೋಗಿ ನಿಂತರು. ತಾತ ಮರದ ಪೆಟ್ಟಿಗೆ ಮುಂದಿಟ್ಟುಕೊಂಡು ಹಿತ್ತಾಳೆ ಕೀಲಿಯೊಂದಕ್ಕೆ ಅರ ಹಾಕುತ್ತಿದ್ದರು. ಹೆಬ್ಬೆರಳಿನಿಂದ ಹಲ್ಲು ಸವರಿ ನೋಡುವುದು, ಮತ್ತೆ ಉಜ್ಜುವುದು. ದಿನಕ್ಕೆ ನೂರು ಸಲ, ಐವತ್ತು ವರ್ಷ.

"ತಾತ, ಸೋಮವಾರ ಸಂಜೆ ಎಷ್ಟು ಹೊತ್ತಿಗೆ ಮನೆಗೆ ಹೋದ್ರಿ?" ಮೇಡಂ ಕೇಳಿದರು.

"ಆರೂವರೆ."

"ದಿನಾ ಐದಕ್ಕೆ ಹೋಗ್ತೀರಂತಲ್ಲ?"

ಅರ ನಿಂತಿತು.

ದಫೇದಾರರು ಕುಕ್ಕರಗಾಲಲ್ಲಿ ಕೂತು, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದರು. "ಮಹಡಿ ಮೇಲಿನ ಹುಡುಗಿ ಇದ್ದಾಳಲ್ಲ ತಾತ, ಶನಿವಾರದ ಒಳಗೆ ಯಂತ್ರ ಸಿಗದಿದ್ರೆ ಅವಳ ಕೆಲಸ ಹೋಗುತ್ತೆ."

"ಯಾರ ಕೆಲಸ?" ತಾತ ತಲೆ ಎತ್ತಿದರು. "ಸರ್ಕಾರದ ಯಂತ್ರ ಅಲ್ವಾ ಅದು? ಆ ಮಗು ಏನು ಮಾಡಿದ್ದಾಳೆ?"

"ಅವಳ ಸಹಿ ಮೇಲೆ ಕೊಟ್ಟಿದ್ದಂತೆ."

ತಾತ ಅರವನ್ನು ಪೆಟ್ಟಿಗೆಗೆ ಹಾಕಿದರು, ಕೀಲಿಯನ್ನು ದಾರಕ್ಕೆ ಪೋಣಿಸಿದರು, ಮುಚ್ಚಳ ಮುಚ್ಚಿ ಎದ್ದು ನಿಂತರು. "ನಡೀರಿ. ಮನೇಲಿದೆ," ಅಂದರು. ಎರಡು ಹೆಜ್ಜೆ ಇಟ್ಟು ತಿರುಗಿ, "ಅದು ಹೇಗೆ ಬಂತು ಅಂತ ನನ್ನ ಹೆಂಡತಿಗೆ ಗೊತ್ತಿಲ್ಲ," ಅಂದರು.

ಮನೆ ಎರಡು ಕೋಣೆಯದು. ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀಲಿಗೊಂಚಲು. ಒಳಗೆ ಅಜ್ಜಿ ಗೋಡೆ ಸವರಿಕೊಂಡು ಬಂದರು. ಎರಡೂ ಕಣ್ಣಿಗೆ ಹಾಲಿನ ಕೆನೆ ಕಟ್ಟಿದ ಹಾಗೆ ಪೊರೆ.

"ಯಾರು ಬಂದಿದ್ದು?"

"ಪೊಲೀಸಿನವರು ಅಜ್ಜಿ," ಅಂದರು ಮೇಡಂ.

ತಾತ ದಫೇದಾರರ ಮುಖ ನೋಡಿದರು. ದಫೇದಾರರು ಮೇಡಂ ಮುಖ ನೋಡಿದರು. ಮೇಡಂ, "ಸರ್ಕಾರದ ಯಂತ್ರ ವಾಪಸ್ ತಗೊಂಡು ಹೋಗೋಕೆ," ಅಂದರು.

"ಇಷ್ಟು ಬೇಗಾನಾ? ಇನ್ನೆರಡು ದಿನ ಇರಲಿ ಬಿಡಮ್ಮ, ಇವರಿಗಿನ್ನೂ ಕೈ ಕೂರಲಿಲ್ಲ. ನಾನೂ ನಿನ್ನೆಯಿಂದ ಹೊತ್ತಿಗೊಂದು ಸಲ ಬೆರಳು ಒತ್ತಿದೆ. ಮಂಡಿ ನೋವು ಎಷ್ಟೋ ಕಡಿಮೆ ಆಗಿದೆ."

ಕಪಾಟಿನ ಮೇಲೆ, ಮಡಚಿದ ಟವೆಲಿನ ಮೇಲೆ ಯಂತ್ರ ಕೂತಿತ್ತು. ಮೇಲೊಂದು ಮೆತ್ತನೆ ಬಟ್ಟೆ ಹೊದಿಸಿತ್ತು. ವೈರನ್ನು ಅಚ್ಚುಕಟ್ಟಾಗಿ ಸುತ್ತಿ ನೂಲಿನಿಂದ ಕಟ್ಟಿತ್ತು. ಅದರ ಇನ್ನೊಂದು ತುದಿ ಯಾವುದಕ್ಕೂ ಸೇರಿರಲಿಲ್ಲ.

ಹನ್ನೆರಡು ಇಪ್ಪತ್ತಕ್ಕೆ ಜಪ್ತಿ ಪಂಚನಾಮೆ ಆಯಿತು. ಪಂಚರಲ್ಲಿ ಒಬ್ಬರು ಈಗ ಆರೋಪಿಯೇ ಆದ್ದರಿಂದ ಇಸ್ತ್ರಿ ಅಕ್ಕನನ್ನು ಕರೆಸಬೇಕಾಯಿತು. ಅವಳೂ ಹೆಬ್ಬೆಟ್ಟೇ ಒತ್ತಿದಳು. ಅದೂ ಬೊಟ್ಟೇ.

ಠಾಣೆಯಲ್ಲಿ ವಿಚಾರಣೆ. ಮಾಲು ಗುರುತಿಸಲು ಹುಡುಗಿಯೂ ಬಂದು ಕೂತಿದ್ದಳು.

"ಯಾಕೆ ಕದ್ರಿ?"

"ಕದಿಯಲಿಲ್ಲಮ್ಮ. ಕರ್ಕೊಂಡು ಹೋದೆ."

"ಯಂತ್ರಾನಾ?"

"ಪರಿಚಯ ಆಗಲಿ ಅಂತ." ತಾತ ಹುಡುಗಿಯ ಕಡೆ ತಿರುಗಿದರು. "ನೀನೇ ಹೇಳಿದ್ದಲ್ವಾ ಮಗಳೇ? ಪ್ರತಿ ಸಲ ಹೇಳ್ತಿದ್ದೆ. 'ತಾತ, ಯಂತ್ರ ಹೊಸದು, ನಿಮ್ಮ ಬೆರಳು ಇನ್ನೂ ಅದಕ್ಕೆ ಪರಿಚಯ ಇಲ್ಲ, ನಿಧಾನಕ್ಕೆ ಆಗುತ್ತೆ, ನಾಳೆ ಬನ್ನಿ' ಅಂತ."

ಹುಡುಗಿ ತಲೆ ತಗ್ಗಿಸಿ ಕೊರಳ ನೀಲಿ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೊಸ ಬೀಗವೂ ಹಾಗೇ ಅಮ್ಮ," ತಾತ ಮೇಡಂಗೆ ವಿವರಿಸಿದರು. "ಮೊದಲು ಕೀಲಿಗೆ ಒಗ್ಗಲ್ಲ. ಎರಡು ದಿನ ಕೈಯಲ್ಲಿಟ್ಟು ತಿರುಗಿಸ್ತಾ ಇದ್ರೆ ಒಗ್ಗುತ್ತೆ. ಇಲ್ಲಿ ಬಂದ್ರೆ ಒಂದು ಸಲ ಒತ್ತೋಕೆ ಬಿಡ್ತಾರೆ, ಹಿಂದೆ ಇಪ್ಪತ್ತು ಜನ ನಿಂತಿರ್ತಾರೆ. ಹಾಗಾದ್ರೆ ಪರಿಚಯ ಹೇಗಾಗಬೇಕು? ಮನೇಲಿ ಕೂತು ಹತ್ತೂ ಬೆರಳು ಒತ್ತಿದೆ, ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ. ಮಂಗಳವಾರ ನಸುಕಿಗೇ ಇಟ್ಟುಬಿಡೋಣ ಅಂತಿದ್ದೆ. ನಮ್ಮನೆಯವಳಿಗೆ ಉಸಿರು ಕಟ್ಟಿದ ಹಾಗಾಯ್ತು, ಹೊರಡೋಕೆ ಹೊತ್ತಾಯ್ತು. ಬಂದು ನೋಡಿದ್ರೆ ನೀವೆಲ್ಲ ಇದ್ರಿ. ಸಾಕ್ಷಿಗೆ ಬಾ ಅಂತ ಕರೆದ್ರಿ, ಬಂದೆ. ಬೀಗದ ಬಗ್ಗೆ ಕೇಳಿದ್ರಿ, ಇದ್ದದ್ದು ಇದ್ದ ಹಾಗೆ ಹೇಳಿದೆ."

"ಹೇಳಿದ್ರಿ," ಅಂದರು ಮೇಡಂ. "ಒಳ್ಳೆಯವನು ಅಂತಾನೂ ಹೇಳಿದ್ರಿ. ಅಷ್ಟು ಅವಸರ ಏನಿತ್ತು?"

"ಬರೋ ಸೋಮವಾರ ನಮ್ಮನೆಯವಳ ಕಣ್ಣಿಗೆ ಆಪರೇಷನ್. ಆಸ್ಪತ್ರೆಯವರು ಸರ್ಕಾರದ ಕಾರ್ಡು ತನ್ನಿ ಅಂತಾರೆ. ಕಾರ್ಡಿಗೆ ಮನೆ ಯಜಮಾನನ ಬೆರಳು ಬೇಕಂತೆ. ಈ ಸರದಿ ತಪ್ಪಿದ್ರೆ ಇನ್ನು ಮುಂದಿನ ವರ್ಷವೇ." ತಾತ ತಮ್ಮ ಕೈ ತಿರುವಿ ನೋಡಿಕೊಂಡರು. "ಊರಲ್ಲಿ ಎಲ್ಲರ ಮನೆ ಬಾಗಿಲೂ ಈ ಬೆರಳಿಗೆ ತೆಗೆದುಕೊಂಡಿದೆ. ಇದೊಂದು ತೆಗೆಯಲಿಲ್ಲ."

ಆಮೇಲೆ ಮೇಡಂ, ಕಾನೂನು ಕಾನೂನೇ ಅಂತ, ಮೂರು ಹತ್ತಕ್ಕೆ ದಸ್ತಗಿರಿ ದಾಖಲು ಮಾಡಲು ಹೇಳಿದರು. ಯಂತ್ರ ಸಿಕ್ಕಿದ್ದರಿಂದ ಈಗ ಎಲ್ಲ ಆನ್‌ಲೈನ್. ಹುಡುಗಿಯೇ ವೈರು ಸಿಕ್ಕಿಸಿಕೊಟ್ಟಳು. ದಫೇದಾರರು ಪಾಸ್‌ವರ್ಡನ್ನು ಮೂರನೇ ಸಲಕ್ಕೆ ಸರಿಯಾಗಿ ಒತ್ತಿದರು. ಆರೋಪಿಯ ಬೆರಳು ಅಂತ ಬಂತು. ತಾತ ಎರಡು ದಿನ ರೂಢಿ ಮಾಡಿಕೊಂಡವರ ಹಾಗೆ ಠೀವಿಯಿಂದ ಹೆಬ್ಬೆರಳಿಟ್ಟು ದೀಪವನ್ನೇ ನೋಡುತ್ತ ಕೂತರು.

ಕೆಂಪು. 'ಇಂಥ ವ್ಯಕ್ತಿ ಇರುವುದಿಲ್ಲ.'

ಹತ್ತೂ ಬೆರಳು ಆಯಿತು. ಇಂಥ ವ್ಯಕ್ತಿ ಇರುವುದಿಲ್ಲ.

"ಹಾಗಾದ್ರೆ ನಾನು ಅರೆಸ್ಟ್ ಮಾಡಿರೋದು ಯಾರನ್ನ?" ಮೇಡಂ ಸಿಟ್ಟಿನಿಂದ ಸಹಾಯವಾಣಿಗೆ ಫೋನು ಹಚ್ಚಿದರು. ಹದಿನೆಂಟು ನಿಮಿಷ ಸಂಗೀತ ಕೇಳಿದ ಮೇಲೆ ಒಂದು ಧ್ವನಿ ಬಂತು.

"ಬೆರಳು ಸವೆದವರಿಗೆ ವಿನಾಯಿತಿ ಅರ್ಜಿ ಇದೆ ಮೇಡಂ. ಫೋಟೋ ತೆಗೆದು, 'ಈ ವ್ಯಕ್ತಿ ಇದ್ದಾರೆ, ನನ್ನ ಎದುರು ಹಾಜರಿದ್ದಾರೆ' ಅಂತ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ಸಹಿ ಹಾಕಬೇಕು."

"ಅಷ್ಟೇನಾ?"

"ಅಷ್ಟೇ."

ಮೇಡಂ ಸಹಿ ಹಾಕಿದರು, ದಫೇದಾರರು ಮೊಹರು ಒತ್ತಿದರು. ಹಸಿರು ದೀಪ ಬಂತು. ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಮೇಡಂ, ಈ ಒಂದು ಕಾಗದಕ್ಕೆ ಎಂಟು ತಿಂಗಳಿಂದ ಮೂರು ಆಫೀಸು ಅಲೆದಿದ್ದೀನಿ! ಎಲ್ಲರೂ, ಮೊದಲು ಇವರು ಇವರೇ ಅಂತ ಸಾಬೀತು ಮಾಡು, ಆಮೇಲೆ ಸಹಿ ಹಾಕ್ತೀವಿ ಅಂದ್ರು. ನೀವು ಹೇಗೆ ಹಾಕಿದ್ರಿ?"

"ನಾನೇ ಹಿಡಿದು ತಂದ ಆರೋಪಿ ಇಲ್ಲ ಅಂತ ನಾನೇ ಹೇಳೋಕಾಗುತ್ತಾ?"

"ಈ ವಿನಾಯಿತಿ ನಂಬರಿಗೇ ತಾತನ ಆಸ್ಪತ್ರೆ ಕಾರ್ಡೂ ಬರುತ್ತೆ ಮೇಡಂ."

ಮೇಡಂ ಕಿಟಕಿ ಕಡೆ ನೋಡುತ್ತ, "ಅದು ನಿನ್ನ ಕೆಲಸ, ನನ್ನನ್ನೇನು ಕೇಳ್ತೀಯ?" ಅಂದರು. "ಇನ್ನೊಂದು ಮಾತು. ಬೆರಳು ಒಪ್ಪದ ಬಾಕಿ ಹದಿನಾರು ಜನರನ್ನ ನಾಳೆ ಬೆಳಿಗ್ಗೆ ಇಲ್ಲಿಗೆ ಕಳಿಸು. ಅರೆಸ್ಟ್ ಮಾಡಲ್ಲ ಅಂತ ಹೇಳಿ ಕಳಿಸು."

ಠಾಣೆ ಜಾಮೀನಿಗೆ ಒಬ್ಬರು ಬೇಕಿತ್ತು. ಹುಡುಗಿ ತಾನೇ ನಿಲ್ಲುತ್ತೇನೆ ಅಂದಳು. ದೂರು ಕೊಟ್ಟವಳೇ ಜಾಮೀನು ನಿಲ್ಲಬಹುದಾ ಅಂತ ದಫೇದಾರರು ತಲೆ ಕೆರೆದುಕೊಂಡರು. ನಿಲ್ಲಬಾರದು ಅಂತ ಎಲ್ಲೂ ಬರೆದಿಲ್ಲ ಅಂದರು ಮೇಡಂ. ಅವಳು ತಾತನ ಪಕ್ಕ ಕೂತು ಮೆಲ್ಲಗೆ, "ನಾನು ಸುಳ್ಳು ಹೇಳಿದ್ದೆ ತಾತ. ಯಂತ್ರಕ್ಕೆ ಪರಿಚಯ ಗಿರಿಚಯ ಏನೂ ಆಗಲ್ಲ," ಅಂದಳು.

"ಆಗಲ್ವಾ?" ತಾತ ಹಸಿರು ದೀಪ ನೋಡಿದರು. "ಈಗ ಆಯ್ತಲ್ಲ."

ಹ್ಹೂಂ ಅಂದುಕೊಂಡು ಎದ್ದರು. ಹೊರಡುವಾಗ ಲಾಕಪ್ಪಿನ ಬೀಗವನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಇದಕ್ಕೂ ಮೂರು ಹನಿ ಬೇಕು," ಅಂದರು.

ಶನಿವಾರ ತಪಾಸಣೆ ಆಯಿತು. ಕೋರ್ಟಿನ ಅನುಮತಿ ಮೇಲೆ ವಾಪಸ್ ಬಂದ ಯಂತ್ರ ಗಾಜಿನ ಮೇಲೆ ತನ್ನ ಜಾಗದಲ್ಲೇ ಕೂತಿತ್ತು. ಹುಡುಗಿಯ ಕೆಲಸ ಉಳಿಯಿತು. ಬಂದ ಅಧಿಕಾರಿಗಳು ಬಾಗಿಲು ಸಲೀಸಾಗಿ ತೆರೆಯುವುದನ್ನು ಕಂಡು ಮೆಚ್ಚಿಕೊಂಡರು. ಸಂಜೆ ಅವಳ ಫೋನಿಗೆ ಒಂದು ಸಂದೇಶ ಬಂತು: 'ಬೀಗದ ಬಗ್ಗೆ ತಾವು ಸಲ್ಲಿಸಿದ ದೂರನ್ನು ಇಲಾಖೆಯು ಪರಿಹರಿಸಿದೆ. ತಮಗೆ ತೃಪ್ತಿಯಾಗಿದೆಯೇ?' ಹುಡುಗಿ ಹೌದು ಅಂತ ಒತ್ತಿದಳು.

ಅದೇ ಹೊತ್ತಿಗೆ ದಫೇದಾರರು ಠಾಣೆಯಲ್ಲಿ ಕೂತು ಕೇಸಿನ ಕಡತಕ್ಕೆ ಕೊನೆಯ ಹಾಳೆ ಬರೆಯುತ್ತಿದ್ದರು. ಎಲ್ಲ ಕಲಂ ತುಂಬಿತ್ತು, ಉಳಿದಿದ್ದು ಒಂದೇ: ಕೃತ್ಯದ ಉದ್ದೇಶ. ದ್ವೇಷ ಅಂತ ಬರೆಯುವಂತಿರಲಿಲ್ಲ, ಲಾಭ ಅಂತಲೂ ಬರೆಯುವಂತಿರಲಿಲ್ಲ. ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ಬರೆದರು: 'ಆರೋಪಿಯು ತಾನು ಇರುವುದನ್ನು ಯಂತ್ರಕ್ಕೆ ತಿಳಿಸುವ ಸಲುವಾಗಿ, ಸೋಮವಾರದೊಳಗೆ ತಿಳಿಸುವ ಸಲುವಾಗಿ.'

ಕೆಳಗೆ ತಾತನ ಹೆಬ್ಬೆಟ್ಟು ಇತ್ತು, ದುಂಡಗೆ, ಒಂದು ಗೆರೆಯೂ ಇಲ್ಲದೆ. ದಫೇದಾರರು ಅದರ ಪಕ್ಕದಲ್ಲಿ 'ಇಂಕು ಜಾಸ್ತಿಯಾಗಿಲ್ಲ, ಇವರ ಬೆರಳೇ ಹೀಗೆ' ಅಂತ ಬರೆದು, ತಮ್ಮ ಸಹಿ ಹಾಕಿದರು.